ಅವರಿಗೆ ಸಿದ್ಧಾಂತ, ಇವರಿಗೆ ಕಥೆ

ಸೆನೆಗಲ್ ಫುಟ್‌ಬಾಲ್ ತಂಡಕ್ಕೆ ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಕೋಚ್ ಆಗಿದ್ದ ಅಲಿಯು ಸಿಸ್ಸೆ ಅವರ ಬಗ್ಗೆ ಎಲ್ಲಿ ಓದಿದರೂ ಹೆಚ್ಚು ಕಡಿಮೆ ಒಂದೇ ಕಥೆ ಸಿಗುತ್ತದೆ. 2002ರ ಫೆಬ್ರವರಿ 10, ಮಾಲಿಯ ರಾಜಧಾನಿ ಬಮಾಕೊ. ಆಫ್ರಿಕಾ ಕಪ್ ಆಫ್ ನೇಷನ್ಸ್ ಫೈನಲ್‌ನಲ್ಲಿ ಸೆನೆಗಲ್ ಮತ್ತು ಕ್ಯಾಮರೂನ್ ಎರಡೂ ಗೋಲು ಹೊಡೆಯಲಿಲ್ಲ. ಪಂದ್ಯ ಪೆನಾಲ್ಟಿ ಶೂಟೌಟ್‌ಗೆ ಹೋಯಿತು. ಸೆನೆಗಲ್ ಪರವಾಗಿ ಕೊನೆಯ ಒದೆತಕ್ಕೆ ಬಂದವರು ನಾಯಕ ಸಿಸ್ಸೆ. ಕ್ಯಾಮರೂನ್ ಗೋಲ್‌ಕೀಪರ್ ಅದನ್ನು ತಡೆದ, ಕಪ್ ಕೈತಪ್ಪಿತು. 2022ರ ಫೆಬ್ರವರಿ 6, ಯೌಂಡೆ. ಅದೇ ಕಪ್ಪಿನ ಫೈನಲ್, ಎದುರಿಗೆ ಈಜಿಪ್ಟ್, ಮತ್ತೆ ಗೋಲಿಲ್ಲ, ಮತ್ತೆ ಪೆನಾಲ್ಟಿ. ಈ ಸಲ ಸಿಸ್ಸೆ ಮೈದಾನದ ಗೆರೆಯಾಚೆ ನಿಂತ ಕೋಚ್. ಕೊನೆಯ ಒದೆತವನ್ನು ಸಾಡಿಯೊ ಮಾನೆ ಗೋಲಾಗಿಸಿದ. ಸೆನೆಗಲ್ ಮೊದಲ ಬಾರಿಗೆ ಆಫ್ರಿಕಾದ ಚಾಂಪಿಯನ್ ಆಯಿತು. ನಡುವೆ ಕಳೆದದ್ದು 20 ವರ್ಷಕ್ಕೆ ನಾಲ್ಕು ದಿನ ಕಡಿಮೆ.

ಚೆಂದದ ಕಥೆ. ತಪ್ಪು, ಪ್ರಾಯಶ್ಚಿತ್ತ, ಬಿಡುಗಡೆ ಎಂಬ ಮೂರು ಅಂಕಗಳು ಅಳತೆ ಮಾಡಿ ಕತ್ತರಿಸಿದಂತೆ ಕೂತಿವೆ. ಇಲ್ಲಿರುವ ಒಂದು ವಿವರವೂ ಸುಳ್ಳಲ್ಲ. ಆದರೂ ಈ ಕಥೆಯ ಮೇಲೆ ನನಗೆ ಜಗಳವಿದೆ. ಒಬ್ಬ ಮನುಷ್ಯ ಒಂಬತ್ತು ವರ್ಷ ಕೂತು ಯೋಚಿಸಿ ಮಾಡಿದ ಕೆಲಸವನ್ನು ಇದು ವಿಧಿಯ ಖಾತೆಗೆ ಜಮಾ ಮಾಡುತ್ತದೆ. ಯುರೋಪಿನ ಕೋಚ್ ಗೆದ್ದರೆ ನಾವು ಅವರ ಸಿದ್ಧಾಂತ ಏನು ಎಂದು ಹುಡುಕುತ್ತೇವೆ. ಆಫ್ರಿಕಾದ ಕೋಚ್ ಗೆದ್ದರೆ ಅವರ ಬದುಕಿನ ಕಥೆ ಏನು ಎಂದು ಕೇಳುತ್ತೇವೆ. ಈ ಎರಡು ಪ್ರಶ್ನೆಗಳ ನಡುವಿನ ಅಂತರ ಮೇಲ್ನೋಟಕ್ಕೆ ಕಾಣುವಷ್ಟು ನಿರುಪದ್ರವಿಯಲ್ಲ ಎನ್ನುವುದೇ ಈ ಬರಹದ ವಾದ.

ಸಿಸ್ಸೆ ಅವರ ಬದುಕಿನಲ್ಲಿ ಕಥೆಗೆ ಬೇಕಾದ ಸರಕು ಹೇರಳವಾಗಿದೆ ಎನ್ನುವುದನ್ನು ಮೊದಲೇ ಒಪ್ಪಿಬಿಡೋಣ. ಹುಟ್ಟಿದ್ದು 1976ರಲ್ಲಿ, ದಕ್ಷಿಣ ಸೆನೆಗಲ್‌ನ ಕಾಸಾಮಾನ್ಸ್ ಪ್ರದೇಶದ ಝಿಗಿನ್‌ಶೋರ್ ಊರಿನಲ್ಲಿ. ಒಂಬತ್ತನೇ ವಯಸ್ಸಿಗೆ ಫ್ರಾನ್ಸಿಗೆ ವಲಸೆ. 2002ರ ಮೇ 31ರಂದು ಸೋಲ್‌ನಲ್ಲಿ, ವಿಶ್ವಕಪ್ಪಿನ ಮೊದಲ ಪಂದ್ಯದಲ್ಲೇ ಹಾಲಿ ಚಾಂಪಿಯನ್ ಫ್ರಾನ್ಸನ್ನು 1-0ಯಿಂದ ಸೋಲಿಸಿದ ಸೆನೆಗಲ್ ತಂಡದ ನಾಯಕ ಇವರೇ. ಅದೇ ವರ್ಷ ಸೆಪ್ಟೆಂಬರ್ 26ರ ರಾತ್ರಿ ಝಿಗಿನ್‌ಶೋರ್‌ನಿಂದ ಡಕಾರ್‌ಗೆ ಹೊರಟಿದ್ದ ಲೆ ಜೋಲಾ ಎಂಬ ಹಡಗು ಗ್ಯಾಂಬಿಯಾ ಕರಾವಳಿಯಾಚೆ ಮುಳುಗಿತು. 1800ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಸಿಸ್ಸೆ ಅವರ ಕುಟುಂಬದವರು ಹಲವರಿದ್ದರು. ಆಗ ಅವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸಿಟಿ ಕ್ಲಬ್ಬಿನ ಆಟಗಾರ.

ಈ ದುರಂತವನ್ನೂ ಕ್ರೀಡಾ ಬರಹ ತನ್ನ ಕಥೆಯ ಒಂದು ಮೆಟ್ಟಿಲಾಗಿ ಬಳಸಿಕೊಂಡಿದೆ. ನೋವುಂಡ ಮನುಷ್ಯ, ಆದ್ದರಿಂದ ಗಟ್ಟಿ ಮನುಷ್ಯ, ಆದ್ದರಿಂದ ಗೆಲ್ಲುವ ಕೋಚ್. ಆ ಹಡಗು ಹೊರಬಹುದಾದ ಜನರಿಗಿಂತ ಮೂರು ಪಟ್ಟು ಹೆಚ್ಚು ಜನರನ್ನು ಹೊತ್ತಿತ್ತು, ಅದನ್ನು ನಡೆಸುತ್ತಿದ್ದದ್ದು ಸೇನೆ, ನಡುವೆ ಗ್ಯಾಂಬಿಯಾ ದೇಶ ಅಡ್ಡವಿದ್ದುದರಿಂದ ಕಾಸಾಮಾನ್ಸ್‌ನ ಜನಕ್ಕೆ ರಾಜಧಾನಿ ತಲುಪಲು ಆ ಹಡಗು ಅನಿವಾರ್ಯವಾಗಿತ್ತು. ಇದೆಲ್ಲ ರಾಜಕೀಯ. ಕಥೆಗೆ ರಾಜಕೀಯ ಬೇಡ, ಕಣ್ಣೀರು ಸಾಕು.

ಈಗ ಕಥೆಯಲ್ಲಿ ಸಿಗದ ಕೆಲವು ಸಂಗತಿಗಳನ್ನು ನೋಡೋಣ. ಸಿಸ್ಸೆ ಹಿರಿಯರ ತಂಡದ ಕೋಚ್ ಆದದ್ದು 2015ರ ಮಾರ್ಚ್‌ನಲ್ಲಿ. ಅದಕ್ಕೆ ಮೊದಲು 23 ವರ್ಷದೊಳಗಿನವರ ತಂಡ ಅವರ ಕೈಯಲ್ಲಿತ್ತು. 2019ರ ಆಫ್ರಿಕಾ ಕಪ್ಪಿನಲ್ಲಿ ಸೆನೆಗಲ್ ಏಳು ಪಂದ್ಯ ಆಡಿ ಬಿಟ್ಟುಕೊಟ್ಟದ್ದು ಎರಡು ಗೋಲು. ಎರಡೂ ಅಲ್ಜೀರಿಯಾಕ್ಕೆ, ಒಂದು ಗುಂಪು ಹಂತದಲ್ಲಿ, ಇನ್ನೊಂದು ಫೈನಲ್‌ನಲ್ಲಿ. ಗೆದ್ದ 2022ರ ಟೂರ್ನಿಯಲ್ಲಿ ಮತ್ತೆ ಏಳು ಪಂದ್ಯ, ಮತ್ತೆ ಎರಡೇ ಗೋಲು. ಎರಡು ಟೂರ್ನಿ, 14 ಪಂದ್ಯ, ನಾಲ್ಕು ಗೋಲು. ಅದರಲ್ಲೂ 2022ರ ಮೊದಲ ಪಂದ್ಯಗಳಿಗೆ ಗೋಲ್‌ಕೀಪರ್ ಎಡುವಾರ್ ಮೆಂಡಿ ಮತ್ತು ರಕ್ಷಣೆಯ ಆಧಾರವಾಗಿದ್ದ ನಾಯಕ ಕಾಲಿದು ಕುಲಿಬಾಲಿ ಇಬ್ಬರೂ ಕೋವಿಡ್‌ನಿಂದ ಹೊರಗಿದ್ದರು. ಆಗಲೂ ಗೋಲು ಬೀಳಲಿಲ್ಲ. ಇಬ್ಬರು ಮುಖ್ಯ ಆಟಗಾರರಿಲ್ಲದಾಗಲೂ ಒಂದು ತಂಡ ತನ್ನ ರಕ್ಷಣೆಯ ಆಕಾರ ಕಳೆದುಕೊಳ್ಳುವುದಿಲ್ಲ ಎಂದರೆ, ಆ ಆಕಾರ ಆಟಗಾರರ ಕಾಲಿನಲ್ಲಷ್ಟೇ ಇರಲಿಲ್ಲ, ಅದನ್ನು ಯಾರೋ ಯೋಚಿಸಿ ಕಲಿಸಿದ್ದರು ಎಂದರ್ಥ. ವಿಧಿ ಒಂದು ಪೆನಾಲ್ಟಿಯನ್ನು ಒಳಗೆ ತಳ್ಳಬಹುದು. 14 ಪಂದ್ಯ ಬಾಗಿಲು ಕಾಯುವ ತಾಳ್ಮೆ ವಿಧಿಗೆ ಇರುವುದಿಲ್ಲ.

ಇನ್ನೊಂದು ಸಂಗತಿ ತಂಡವನ್ನು ಹೊಂದಿಸಿದ ಬಗೆ. ಸೆನೆಗಲ್ ತಂಡದೊಳಗೆ ಎರಡು ಲೋಕಗಳಿವೆ. ಮಾನೆ ದಕ್ಷಿಣದ ಬಂಬಾಲಿ ಎಂಬ ಹಳ್ಳಿಯವನು, ಜೆನರಾಸ್ಯೋಂ ಫುಟ್ ಅಕಾಡೆಮಿಯಲ್ಲಿ ಬೆಳೆದವನು. ಇದ್ರಿಸಾ ಗೇ ಬಂದದ್ದು ಡಿಯಾಂಬಾರ್ಸ್ ಅಕಾಡೆಮಿಯಿಂದ. ಕುಲಿಬಾಲಿ ಮತ್ತು ಮೆಂಡಿ ಹುಟ್ಟಿ ಬೆಳೆದದ್ದು ಫ್ರಾನ್ಸಿನಲ್ಲಿ. ಕುಲಿಬಾಲಿ 20 ವರ್ಷದೊಳಗಿನವರ ಫ್ರಾನ್ಸ್ ತಂಡಕ್ಕೆ ಆಡಿದ್ದವನು, ಸೆನೆಗಲ್ ಜರ್ಸಿ ತೊಟ್ಟದ್ದು 2015ರಲ್ಲಿ, ಸಿಸ್ಸೆ ಕಾಲದಲ್ಲಿ. ಹೀಗೆ ಎರಡು ದೇಶಗಳಲ್ಲಿ ಬೆಳೆದ ಹುಡುಗರನ್ನು ವರ್ಷದಲ್ಲಿ ಕೆಲವೇ ವಾರ ಒಟ್ಟಿಗಿಟ್ಟುಕೊಂಡು ತಂಡ ಮಾಡುವುದಕ್ಕೆ ಬೇರೆಯದೇ ಬುದ್ಧಿ ಬೇಕು. ತಾನೂ ಒಂಬತ್ತರಲ್ಲಿ ಊರು ಬಿಟ್ಟು ಆ ಕಡೆಯೂ ಈ ಕಡೆಯೂ ಪೂರ್ತಿ ಸಲ್ಲದೆ ಬೆಳೆದ ಸಿಸ್ಸೆಗೆ ಅದು ಗೊತ್ತಿತ್ತು. ಇದನ್ನು ನಾವು ಅನುಭವ ಎಂದು ಕರೆದು ಸುಮ್ಮನಾಗುತ್ತೇವೆ. ಅನುಭವವನ್ನು ಪದ್ಧತಿಯಾಗಿ ಬದಲಿಸಿಕೊಳ್ಳುವ ಕೆಲಸಕ್ಕೆ ಜ್ಞಾನ ಎಂಬ ಹೆಸರಿದೆ. ಅದನ್ನು ಯಾಕೋ ಇವರ ವಿಷಯದಲ್ಲಿ ಬಳಸಲು ನಾಲಿಗೆ ಏಳುವುದಿಲ್ಲ.

ಹೋಲಿಕೆಗೆ ದೂರ ಹೋಗಬೇಕಿಲ್ಲ. ದಿದಿಯೆ ದೆಷಾಂ ಕೂಡ ಸಿಸ್ಸೆಯ ಹಾಗೆ ರಕ್ಷಣೆಗೆ ಒತ್ತುಕೊಟ್ಟು ಆಡುವ ಮಿಡ್‌ಫೀಲ್ಡರ್, ಅವರಂತೆಯೇ ನಾಯಕ. 1998ರಲ್ಲಿ ಫ್ರಾನ್ಸ್ ನಾಯಕನಾಗಿ ವಿಶ್ವಕಪ್ ಗೆದ್ದು 2018ರಲ್ಲಿ ಕೋಚ್ ಆಗಿ ಮತ್ತೆ ಗೆದ್ದವರು. ಅವರ ತಂಡ ಹಿಂದೆ ಕೂತು ಎದುರಾಳಿಗೆ ಚೆಂಡು ಬಿಟ್ಟುಕೊಟ್ಟಾಗ ವಿಮರ್ಶಕರು ಅದಕ್ಕೆ ‘ವಾಸ್ತವವಾದ’ ಎಂದು ಹೆಸರಿಟ್ಟರು. ಬೈದವರೂ ಅದೊಂದು ಯೋಚನಾಕ್ರಮ ಎಂದು ಒಪ್ಪಿಯೇ ಬೈದರು. ಸಿಸ್ಸೆಯ ತಂಡ ಅದನ್ನೇ ಮಾಡಿದರೆ ಇಂಗ್ಲಿಷ್ ಕಾಮೆಂಟರಿಯಲ್ಲಿ ಕೇಳುವ ಮಾತುಗಳು ವೇಗ, ಬಲ, ಶಿಸ್ತು. ಇದು ನನ್ನೊಬ್ಬನ ಕಿವಿಯ ದೋಷವಲ್ಲ. 2020ರಲ್ಲಿ ರನ್‌ರಿಪೀಟ್ ಎಂಬ ಸಂಸ್ಥೆ ಇಂಗ್ಲೆಂಡಿನ ವೃತ್ತಿಪರ ಆಟಗಾರರ ಸಂಘದ ಜೊತೆಗೂಡಿ ಯುರೋಪಿನ ಲೀಗ್‌ಗಳ 80 ಪಂದ್ಯಗಳ ಕಾಮೆಂಟರಿಯನ್ನು ಪರಿಶೀಲಿಸಿತು. ಬುದ್ಧಿಯ ಹೊಗಳಿಕೆ ಹೆಚ್ಚಾಗಿ ತಿಳಿಬಣ್ಣದ ಆಟಗಾರರಿಗೆ, ದೇಹಬಲದ ಮಾತು ಹೆಚ್ಚಾಗಿ ಕಪ್ಪು ಆಟಗಾರರಿಗೆ ಸಂದಿತ್ತು. ಆಟ ಬಿಟ್ಟು ಕೋಚ್ ಆದ ಮಾತ್ರಕ್ಕೆ ಈ ಹಂಚಿಕೆ ಬದಲಾಗುತ್ತದೆ ಎಂದು ನಂಬಲು ಕಾರಣವಿಲ್ಲ.

2018ರ ರಷ್ಯಾ ವಿಶ್ವಕಪ್ಪಿನಲ್ಲಿ 32 ತಂಡಗಳ ಪೈಕಿ ಕಪ್ಪು ವರ್ಣದ ಕೋಚ್ ಸಿಸ್ಸೆ ಒಬ್ಬರೇ. ಆ ಬಗ್ಗೆ ಕೇಳಿದಾಗ ಫುಟ್‌ಬಾಲ್ ಎಲ್ಲರದು, ಬಣ್ಣದ ಚರ್ಚೆ ತನಗೆ ಹಿಡಿಸುವುದಿಲ್ಲ, ಆದರೆ ಆಫ್ರಿಕಾದಲ್ಲಿ ಸಮರ್ಥ ಕೋಚ್‌ಗಳ ಹೊಸ ಪೀಳಿಗೆ ಕೆಲಸ ಮಾಡುತ್ತಿದೆ ಎಂಬರ್ಥದ ಉತ್ತರ ಕೊಟ್ಟರು. ಆ ಟೂರ್ನಿಯಲ್ಲಿ ಜಗತ್ತಿನ ನೆನಪಿನಲ್ಲಿ ಉಳಿದದ್ದು ಅವರ ಜಟೆಗಟ್ಟಿದ ಕೂದಲು ಮತ್ತು ಪೋಲೆಂಡ್ ವಿರುದ್ಧ ಮುಷ್ಟಿ ಬೀಸಿ ಸಂಭ್ರಮಿಸಿದ ಕ್ಷಣಗಳ ವಿಡಿಯೊ ತುಣುಕು. ಅದೇ ದಿನಗಳಲ್ಲಿ ಬ್ರಿಟಿಷ್ ಉದ್ಯಮಿ ಅಲನ್ ಶುಗರ್ ಸೆನೆಗಲ್ ತಂಡವನ್ನು ಬೀಚಿನಲ್ಲಿ ಸಾಮಾನು ಮಾರುವವರಿಗೆ ಹೋಲಿಸಿ ಟ್ವೀಟ್ ಮಾಡಿ, ಬೈಸಿಕೊಂಡು, ಅಳಿಸಿ, ಕ್ಷಮೆ ಕೇಳಿದರು. ಬಹಿರಂಗ ಅವಮಾನಕ್ಕೆ ಹೀಗೆ ತಕ್ಷಣ ಶಿಕ್ಷೆಯಾಗುತ್ತದೆ. ಪ್ರೀತಿಯಿಂದ ಹಂಚಿದ ಆ ವಿಡಿಯೊ ತುಣುಕಿಗೆ ಯಾರೂ ಕ್ಷಮೆ ಕೇಳಬೇಕಿಲ್ಲ. ಆದರೆ ಆ ತುಣುಕು ನೋಡಿದವರಲ್ಲಿ ಎಷ್ಟು ಜನರಿಗೆ ಸೆನೆಗಲ್ ಹೊರಬಿದ್ದ ಬಗೆ ನೆನಪಿದೆ? ಜಪಾನ್ ಮತ್ತು ಸೆನೆಗಲ್ ಅಂಕದಲ್ಲಿ ಸಮ, ಹೊಡೆದ ಗೋಲಿನಲ್ಲಿ ಸಮ, ಬಿಟ್ಟ ಗೋಲಿನಲ್ಲಿ ಸಮ, ಪರಸ್ಪರ ಪಂದ್ಯವೂ 2-2. ಕೊನೆಗೆ ಹಳದಿ ಕಾರ್ಡ್ ಎಣಿಸಿದರು. ಜಪಾನಿಗೆ ನಾಲ್ಕು, ಸೆನೆಗಲ್‌ಗೆ ಆರು. ವಿಶ್ವಕಪ್ ಇತಿಹಾಸದಲ್ಲಿ ಹೀಗೆ ಹೊರಬಿದ್ದ ಮೊದಲ ತಂಡ ಅದು. ಇದರಲ್ಲಿ ಚರ್ಚಿಸಲು ಬೇಕಾದಷ್ಟು ತಂತ್ರವಿತ್ತು. ಯಾರಿಗೂ ಪುರುಸೊತ್ತಿರಲಿಲ್ಲ.

ಕಥೆಯಿಂದ ಏನು ನಷ್ಟ, ಹೊಗಳಿಕೆ ತಾನೇ ಎಂದು ಕೇಳುವವರಿದ್ದಾರೆ. ನಷ್ಟ ಕೆಲಸದ್ದು. ಕಥೆಯಿರುವವನನ್ನು ಜನ ಮೆಚ್ಚುತ್ತಾರೆ, ಸಿದ್ಧಾಂತವಿರುವವನನ್ನು ನೇಮಿಸಿಕೊಳ್ಳುತ್ತಾರೆ.

ನೈಜೀರಿಯಾದ ಸ್ಟೀಫನ್ ಕೇಶಿ 1994ರಲ್ಲಿ ಆಫ್ರಿಕಾ ಕಪ್ ಗೆದ್ದ ತಂಡದ ನಾಯಕ. ಮುಂದೆ ಕೋಚ್ ಆಗಿ ಟೋಗೊ ಎಂಬ ಪುಟ್ಟ ದೇಶವನ್ನು 2006ರ ವಿಶ್ವಕಪ್ಪಿಗೆ ಅರ್ಹವಾಗಿಸಿದರು. ಆ ದೇಶ ವಿಶ್ವಕಪ್ ಮುಟ್ಟಿದ್ದು ಅದೇ ಮೊದಲು. ಆ ವರ್ಷದ ಆಫ್ರಿಕಾ ಕಪ್ಪಿನಲ್ಲಿ ತಂಡ ಸೋತದ್ದೇ ತಡ, ಕೇಶಿಯನ್ನು ತೆಗೆದು ಜರ್ಮನಿಯ ಒಟ್ಟೊ ಫಿಸ್ಟರ್ ಅವರನ್ನು ತಂದರು. ಟೋಗೊ ವಿಶ್ವಕಪ್ಪಿನ ಮೂರೂ ಪಂದ್ಯ ಸೋತಿತು. ನೈಜೀರಿಯಾವನ್ನು 2010ರ ವಿಶ್ವಕಪ್ಪಿಗೆ ಮುಟ್ಟಿಸಿದ್ದು ಅಲ್ಲಿಯವರೇ ಆದ ಶುಐಬು ಅಮೋಡು. ಅದೇ ವರ್ಷದ ಆಫ್ರಿಕಾ ಕಪ್ಪಿನಲ್ಲಿ ತಂಡ ಮೂರನೇ ಸ್ಥಾನವನ್ನೂ ಪಡೆಯಿತು. ಆಮೇಲೆ ಅವರನ್ನು ಕೆಳಗಿಳಿಸಿ ಸ್ವೀಡನ್ನಿನ ಲಾರ್ಸ್ ಲಾಗರ್‌ಬ್ಯಾಕ್ ಅವರನ್ನು ನೇಮಿಸಿದರು. ಮೂರು ಪಂದ್ಯದಲ್ಲಿ ನೈಜೀರಿಯಾಕ್ಕೆ ಸಿಕ್ಕಿದ್ದು ಒಂದು ಅಂಕ. ಆಫ್ರಿಕಾದ ನೆಲದಲ್ಲಿ ನಡೆದ ಆ ಮೊದಲ ವಿಶ್ವಕಪ್ಪಿನಲ್ಲಿ ಖಂಡದ ಆರು ತಂಡಗಳಿದ್ದವು, ಆಫ್ರಿಕಾದ ಕೋಚ್ ಇದ್ದದ್ದು ಅಲ್ಜೀರಿಯಾಕ್ಕೆ ಮಾತ್ರ. ಬೆವರು ಸುರಿಸಿ ಅರ್ಹತೆ ತರುವುದು ಇಲ್ಲಿನವರ ಪಾಲಿಗೆ, ಜಗತ್ತಿನ ಮುಂದೆ ‘ಯೋಚಿಸುವುದು’ ಹೊರಗಿನವರ ಪಾಲಿಗೆ. ಆ ಹೊರಗಿನವರಿಗೆ ಪತ್ರಿಕೆಗಳು ಕೊಟ್ಟ ಬಿರುದು ‘ಬಿಳಿ ಮಾಂತ್ರಿಕ’. ಫ್ರಾನ್ಸಿನ ಫಿಲಿಪ್ ಟ್ರೂಸಿಯೆ ಅವರಿಗೆ ಅಂಟಿದ ಹೆಸರು ಅದೇ.

ಕೇಶಿ ಮುಂದೆ 2013ರಲ್ಲಿ ನೈಜೀರಿಯಾಕ್ಕೇ ಕೋಚ್ ಆಗಿ ಆಫ್ರಿಕಾ ಕಪ್ ಗೆದ್ದರು. ಆಟಗಾರನಾಗಿಯೂ ಕೋಚ್ ಆಗಿಯೂ ಆ ಕಪ್ ಗೆದ್ದ ಎರಡನೆಯವರು. ಮೊದಲಿಗರು ಈಜಿಪ್ಟಿನ ಮಹಮೂದ್ ಅಲ್ ಗೊಹಾರಿ. ಗೆದ್ದ ಮರುದಿನ ಕೇಶಿ ರಾಜೀನಾಮೆ ಘೋಷಿಸಿದರು. ಟೂರ್ನಿಯ ನಡುವೆಯೇ ತನ್ನನ್ನು ತೆಗೆಯಲು ತಯಾರಿ ನಡೆದಿತ್ತು ಎನ್ನುವುದು ಅವರ ಸಿಟ್ಟು. ಒತ್ತಾಯಕ್ಕೆ ಮಣಿದು ಹಿಂತೆಗೆದುಕೊಂಡರು. ಅದೇ ವರ್ಷ ತಿಂಗಳುಗಟ್ಟಲೆ ಅವರ ಸಂಬಳ ಬಾಕಿ ಬಿತ್ತು. ಚಾಂಪಿಯನ್ ಕೋಚಿಗೆ ಸಿಕ್ಕ ಮರ್ಯಾದೆ ಇಷ್ಟು. 2016ರಲ್ಲಿ ಕೇಶಿ ತೀರಿಕೊಂಡಾಗ ಶ್ರದ್ಧಾಂಜಲಿಗಳಿಗೆ ಬರವಿರಲಿಲ್ಲ.

ಲೆಕ್ಕ ನೋಡಿದರೆ ಈ ತಾತ್ಸಾರಕ್ಕೆ ಆಧಾರವೇ ಇಲ್ಲ. ವಿಶ್ವಕಪ್ಪಿನಲ್ಲಿ ಆಫ್ರಿಕಾದ ಮೊದಲ ಗೆಲುವು 1978ರಲ್ಲಿ ಟ್ಯುನೀಷಿಯಾ ಮೆಕ್ಸಿಕೊವನ್ನು 3-1ರಿಂದ ಸೋಲಿಸಿದ್ದು. ಕೋಚ್ ಅಬ್ದೆಲ್‌ಮಜೀದ್ ಶೆತಾಲಿ, ಟ್ಯುನೀಷಿಯಾದವರೇ. ಆಫ್ರಿಕಾ ಕಪ್ ಅನ್ನು ಮೂರು ಸಲ ಗೆದ್ದ ಕೋಚ್‌ಗಳು ಇಬ್ಬರು, ಘಾನಾದ ಚಾರ್ಲ್ಸ್ ಜಾಮ್ಫಿ ಮತ್ತು ಈಜಿಪ್ಟಿನ ಹಸನ್ ಶೆಹಾತಾ. ಇಬ್ಬರೂ ತಮ್ಮ ದೇಶಕ್ಕೆ ಆಡಿದವರು. ಇನ್ನು ವಿಶ್ವಕಪ್ ವಿಷಯಕ್ಕೆ ಬಂದರೆ, 1930ರಿಂದ 2022ರವರೆಗೆ ನಡೆದ 22 ಟೂರ್ನಿಗಳಲ್ಲಿ ಹೊರದೇಶದ ಕೋಚ್ ಒಬ್ಬರೂ ಗೆದ್ದಿಲ್ಲ. ಕಪ್ ಎತ್ತಿದ ತಂಡಗಳೆಲ್ಲ ತಮ್ಮವರನ್ನೇ ನಂಬಿದವು.

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಮೊದಲನೆಯದು, ಇದು ಹೊರಗಿನವರ ದ್ವೇಷವಲ್ಲವೇ? ಅಲ್ಲ. 2002ರ ಸೆನೆಗಲ್ ತಂಡದ ಕೋಚ್ ಫ್ರಾನ್ಸಿನ ಬ್ರೂನೊ ಮೆಟ್ಸು. ಆ ಹುಡುಗರು ಅವರನ್ನು ತಮ್ಮವರೆಂದೇ ತಿಳಿದರು. 2013ರಲ್ಲಿ ಮೆಟ್ಸು ತೀರಿಕೊಂಡಾಗ ಮಣ್ಣು ಮಾಡಿದ್ದು ಡಕಾರ್‌ನಲ್ಲಿ. ಯಾರು ಎಲ್ಲಿಂದ ಬಂದರು ಎನ್ನುವುದರ ಬಗ್ಗೆ ನನಗೆ ತಕರಾರಿಲ್ಲ, ಯಾರ ಕೆಲಸಕ್ಕೆ ಯಾವ ಪದ ಬಳಸುತ್ತೇವೆ ಎನ್ನುವುದರ ಬಗ್ಗೆ ಇದೆ. ಎರಡನೆಯದು, ದೊಡ್ಡ ಆಟಗಾರನೆಂಬ ಒಂದೇ ಕಾರಣಕ್ಕೆ ಕೋಚ್ ಪಟ್ಟ ಕೊಡಬೇಕೇ? ಖಂಡಿತ ಬೇಡ. ಮರಡೋನಾಗಿಂತ ದೊಡ್ಡ ಹೆಸರು ಯಾವುದಿತ್ತು? 2010ರಲ್ಲಿ ಅವರ ಅರ್ಜೆಂಟೀನಾ ಜರ್ಮನಿಗೆ 0-4ರಿಂದ ಶರಣಾಯಿತು. ಹಳೆಯ ಕೀರ್ತಿ ಕೋಚ್ ಕೆಲಸಕ್ಕೆ ಅರ್ಹತೆಯಾಗಲಾರದು ಎನ್ನುವವರು ನನ್ನ ಕಡೆಯವರೇ. ಹಳೆಯ ಪೆನಾಲ್ಟಿಯೊಂದನ್ನು ಹಿಡಿದು ಕೋಚ್‌ನ ಕೆಲಸ ವಿವರಿಸುವುದು ಅದೇ ತಪ್ಪಿನ ಇನ್ನೊಂದು ಮುಖ.

ಸಿಸ್ಸೆ ಬಗ್ಗೆ ನಿಜವಾದ ಗೌರವದಿಂದ ಮಾತಾಡಿದವರು ಅವರನ್ನು ಬೈದ ಸೆನೆಗಲ್ಲಿನ ಅಭಿಮಾನಿಗಳು ಎಂದು ನನಗನಿಸುತ್ತದೆ. ಇಂಥ ಆಟಗಾರರನ್ನು ಇಟ್ಟುಕೊಂಡು ಇಷ್ಟು ಅಂಜಿ ಆಡುವುದೇ ಎಂದು ಅವರು ವರ್ಷಗಟ್ಟಲೆ ಗೊಣಗಿದರು. 2022ರ ಕಪ್ಪಿನ ಗುಂಪು ಹಂತದ ಮೂರು ಪಂದ್ಯದಲ್ಲಿ ಸೆನೆಗಲ್ ಹೊಡೆದದ್ದು ಒಂದೇ ಗೋಲು, ಅದೂ ಪೆನಾಲ್ಟಿ. ಬೈಗುಳಕ್ಕೆ ಕಾರಣವಿತ್ತು. ಮಾನೆ ಗಾಯಗೊಂಡು ಕತಾರ್ ವಿಶ್ವಕಪ್ಪಿಗೆ ಬಾರದಿದ್ದಾಗ ತಂಡ ಹದಿನಾರರ ಘಟ್ಟಕ್ಕೆ ಬಂದು ಇಂಗ್ಲೆಂಡಿಗೆ 0-3ರಿಂದ ಸೋತದ್ದನ್ನೂ ಅವರು ತಂತ್ರದ ಸೋಲು ಎಂದೇ ಓದಿದರು. ಒಬ್ಬನ ಯೋಚನೆ ತಪ್ಪು ಎನ್ನಬೇಕಾದರೆ ಅವನು ಯೋಚಿಸುತ್ತಾನೆ ಎಂದು ಮೊದಲು ಒಪ್ಪಿರಬೇಕು. ಹೊಗಳುವ ಕಥೆಗಾರರು ಅಷ್ಟನ್ನೂ ಒಪ್ಪಿರಲಿಲ್ಲ.

ಇದು ದೂರದ ಖಂಡದ ಮಾತು ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಹೈದರಾಬಾದಿನ ಶಾಲಾ ಮೇಷ್ಟರು ಸಯ್ಯದ್ ಅಬ್ದುಲ್ ರಹೀಮ್ ಭಾರತ ತಂಡವನ್ನು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಒಯ್ದರು, 1962ರ ಏಷ್ಯನ್ ಗೇಮ್ಸ್ ಚಿನ್ನ ಗೆಲ್ಲಿಸಿದರು. ತಲೆಗೆ ಹೊಲಿಗೆ ಬಿದ್ದಿದ್ದ ಡಿಫೆಂಡರ್ ಜರ್ನೈಲ್ ಸಿಂಗ್‌ನನ್ನು ಜಕಾರ್ತಾದ ಫೈನಲ್‌ನಲ್ಲಿ ಮುನ್ಪಡೆಗೆ ಕಳಿಸಿದ್ದು ಅವರ ನಿರ್ಧಾರ. ಅವನು ಗೋಲು ಹೊಡೆದ. 2024ರಲ್ಲಿ ‘ಮೈದಾನ್’ ಸಿನಿಮಾ ನೋಡಿ ಹೊರಬಂದವರ ಬಾಯಲ್ಲಿ ಉಳಿದದ್ದು ಕ್ಯಾನ್ಸರ್ ಇಟ್ಟುಕೊಂಡೂ ಗೆದ್ದ ಮನುಷ್ಯ. ಆ ಫೈನಲ್‌ನ ಇನ್ನೊಂದು ಗೋಲು ಹೊಡೆದ ಪಿ. ಕೆ. ಬ್ಯಾನರ್ಜಿ ಮುಂದೆ ಭಾರತ ತಂಡದ ಕೋಚ್ ಆದರು. ಅವರ ಕೋಚಿಂಗ್ ಬಗ್ಗೆ ನಮ್ಮಲ್ಲಿ ಉಳಿದಿರುವ ಪದ ‘ವೋಕಲ್ ಟಾನಿಕ್’. ಅಂದರೆ ಹುರಿದುಂಬಿಸುವ ಭಾಷಣ. ಅಷ್ಟು ವರ್ಷ ತಂಡಗಳನ್ನು ಕಟ್ಟಿದವರ ತಲೆಯನ್ನು ನಾವು ಗಂಟಲಿಗೆ ಇಳಿಸಿಬಿಟ್ಟೆವು. 2025ರ ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಭಾರತದ ಕೋಚ್ ಆದಾಗ, 13 ವರ್ಷಗಳಲ್ಲಿ ಆ ಹುದ್ದೆಗೆ ಬಂದ ಮೊದಲ ಭಾರತೀಯ ಎಂಬುದೇ ಸುದ್ದಿಯಾಯಿತು. ಅವರೂ ದೇಶಕ್ಕೆ ಆಡಿದವರು. ಅವರ ತಂಡ ಹೇಗೆ ಆಡುತ್ತದೆ ಎಂಬ ಚರ್ಚೆ ಅಷ್ಟು ಜೋರಾಗಿ ಕೇಳಲಿಲ್ಲ.

ಸಾಹಿತ್ಯ ಓದುವವರಿಗೆ ಈ ಹಂಚಿಕೆ ಹೊಸದಾಗಿ ಕಾಣಬಾರದು. ಭಾರತದ ಸಮಾಜವಿಜ್ಞಾನದಲ್ಲಿ ಸಿದ್ಧಾಂತ ಕಟ್ಟುವ ಅಧಿಕಾರ ಮೇಲ್ಜಾತಿಗಳಿಗೂ, ಅನುಭವದ ಕಚ್ಚಾ ಸಾಮಗ್ರಿ ಒದಗಿಸುವ ಕೆಲಸ ಕೆಳಜಾತಿಗಳಿಗೂ ಹಂಚಿಹೋಗಿದೆ ಎಂದು ಗೋಪಾಲ್ ಗುರು 2002ರಲ್ಲೇ ವಾದಿಸಿದ್ದರು. ನಮ್ಮ ಕನ್ನಡ ವಿಮರ್ಶೆಯ ಶಬ್ದಕೋಶ ತೆರೆದು ನೋಡಿ. ದಲಿತ ಲೇಖಕರ ಕೃತಿಗೆ ‘ಅನುಭವದ ದಟ್ಟತೆ’, ‘ಆಕ್ರೋಶ’, ‘ನೆಲದ ಸೊಗಡು’. ಉಳಿದವರಿಗೆ ‘ದರ್ಶನ’, ‘ತಾತ್ವಿಕತೆ’, ‘ಶಿಲ್ಪ’. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯ ಭಾಷೆಯ ಸೊಗಡನ್ನು ಮೆಚ್ಚಿದಷ್ಟು ಮಂದಿ, ಕಾದಂಬರಿ ಎಂದರೇನು ಎಂಬ ಪ್ರಶ್ನೆಗೆ ಆ ಕೃತಿ ಕೊಡುವ ಉತ್ತರದ ಜೊತೆ ವಾದಕ್ಕೆ ಇಳಿದಿಲ್ಲ. ನಮ್ಮ ವಿಚಾರ ಸಂಕಿರಣಗಳಲ್ಲೂ ಯಾರಿಗೆ ‘ಬದುಕು-ಬರಹ’ ಗೋಷ್ಠಿ, ಯಾರಿಗೆ ‘ಚಿಂತನೆ’ ಗೋಷ್ಠಿ ಎಂದು ಆಹ್ವಾನ ಪತ್ರಿಕೆ ನೋಡಿದರೆ ಗೊತ್ತಾಗುತ್ತದೆ. ಕಾಮೆಂಟರಿ ಪೆಟ್ಟಿಗೆಯಲ್ಲಿ ಕೂತವರೂ ಸೆಮಿನಾರ್ ಹಾಲಿನಲ್ಲಿ ಕೂತವರೂ ಒಂದೇ ನಿಘಂಟು ಬಳಸುತ್ತಿದ್ದಾರೆ.

ಫುಟ್‌ಬಾಲ್ ಮಾತ್ರ ಈ ನಿಘಂಟನ್ನು ಕಾಯದೆ ಮುಂದೆ ಹೋಗುತ್ತಿದೆ. 2022ರ ವಿಶ್ವಕಪ್ಪಿನಲ್ಲಿ ಆಫ್ರಿಕಾದ ಐದೂ ತಂಡಗಳಿಗೆ ಆಫ್ರಿಕಾದವರೇ ಕೋಚ್ ಆಗಿದ್ದರು, ಮೊದಲ ಬಾರಿಗೆ. ಅವರಲ್ಲೊಬ್ಬರಾದ ವಲೀದ್ ರೆಗ್ರಾಗಿ ಮೊರಾಕ್ಕೊವನ್ನು ಸೆಮಿಫೈನಲ್‌ವರೆಗೆ ಒಯ್ದರು. 2024ರಲ್ಲಿ ನಡೆದ ಆಫ್ರಿಕಾ ಕಪ್ಪಿನಲ್ಲಿ ಆತಿಥೇಯ ಐವರಿ ಕೋಸ್ಟ್ ಗುಂಪು ಹಂತದಲ್ಲಿ ಮುಗ್ಗರಿಸಿ ಫ್ರೆಂಚ್ ಕೋಚನ್ನು ಕಳಿಸಿ, ಸಹಾಯಕನಾಗಿದ್ದ ತನ್ನದೇ ಮಾಜಿ ಆಟಗಾರ ಎಮರ್ಸ್ ಫಾಯೆಗೆ ತಂಡ ಒಪ್ಪಿಸಿತು. ಫಾಯೆ ಎದುರಿಸಿದ ಮೊದಲ ತಂಡವೇ ಹಾಲಿ ಚಾಂಪಿಯನ್ ಸೆನೆಗಲ್. ಗುಂಪಿನ ಮೂರೂ ಪಂದ್ಯ ಗೆದ್ದು ಬಂದಿದ್ದ ಸಿಸ್ಸೆಯ ತಂಡ 1-1ರ ನಂತರ ಪೆನಾಲ್ಟಿಯಲ್ಲಿ ಸೋತಿತು. ಐವರಿ ಕೋಸ್ಟ್ ಕಪ್ ಗೆದ್ದಿತು. ಪೆನಾಲ್ಟಿಯ ಕಥೆ ಹೇಳಿದವರು ಈ ಪೆನಾಲ್ಟಿಯನ್ನು ಎಲ್ಲಿ ಸೇರಿಸುತ್ತಾರೋ ಗೊತ್ತಿಲ್ಲ. ಬಿಡುಗಡೆಯಾದ ನಾಯಕನಿಗೆ ಮತ್ತೆ ಸೋಲು ಬಂದರೆ ಮೂರು ಅಂಕದ ನಾಟಕ ಕೆಡುತ್ತದೆ.

2024ರ ಅಕ್ಟೋಬರ್‌ನಲ್ಲಿ ಸೆನೆಗಲ್ ಸಿಸ್ಸೆಯ ಒಪ್ಪಂದ ನವೀಕರಿಸಲಿಲ್ಲ. 2025ರಲ್ಲಿ ಅವರು ಲಿಬಿಯಾ ತಂಡದ ಕೋಚ್ ಆದರು. ಸೆನೆಗಲ್‌ನಲ್ಲಿ ಅವರ ಜಾಗಕ್ಕೆ ಬಂದದ್ದು 2002ರಲ್ಲಿ ಅವರ ಜೊತೆ ಆಡಿದ್ದ ಪಾಪ್ ಥಿಯಾವ್. ಅಲ್ಲಿ ಈಗ ಒಂದು ಪರಂಪರೆ ಇದೆ, ಒಬ್ಬರ ಕೆಲಸವನ್ನು ಇನ್ನೊಬ್ಬರು ತಿದ್ದುತ್ತ ಮುಂದುವರಿಸುವ ಕ್ರಮ ಇದೆ. ಸಿಸ್ಸೆ ಕೊನೆಕೊನೆಗೆ ಹಳೆಯ ಆಟಗಾರರನ್ನು ಬಿಡಲಾರದೆ ಹೋದರೇ, ಮುನ್ನಡೆಯ ಆಟ ಕಟ್ಟುವುದರಲ್ಲಿ ಅವರ ಕಲ್ಪನೆ ಸೊರಗಿತ್ತೇ, ರಕ್ಷಣೆಯ ಆ 14 ಪಂದ್ಯಗಳಿಂದ ಬೇರೆಯವರು ಕಲಿಯುವುದೇನಿದೆ? ನಾವು ಕೇಳಬೇಕಾದದ್ದು ಇವು. ಉತ್ತರ ಅವರ ಪರವಾಗಿಯೇ ಬರಬೇಕೆಂದಿಲ್ಲ. ಬಮಾಕೊದ ಪೆನಾಲ್ಟಿಯನ್ನು ಇನ್ನಾದರೂ ಬಿಟ್ಟು ಆ ಮನುಷ್ಯನ ತಲೆಯೊಂದಿಗೆ ಜಗಳಕ್ಕೆ ಕೂರೋಣ.